ಬಾಳೆಯ ಒಂದು ಎಲೆಯ ಆಯುಷ್ಯ

ಬೆಂಗಳೂರಿನ ಉತ್ತರ ಭಾಗಕ್ಕೆ ಸೇರಿದ ಯಲಹಂಕ, ಹೆಬ್ಬಾಳ, ಯಶವಂತಪುರದ ಸುತ್ತಿನ ಗ್ರಾಮಗಳಲ್ಲಿ ಅನೇಕವು ಇಂದು ನಗರದೊಳಗೆ ಸೇರಿಹೋಗಿವೆ. ರಾಗಿ ಬೆಳೆಯುತ್ತಿದ್ದ ಹೊಲಗಳು ಬಡಾವಣೆಗಳಾಗಿವೆ. ಆದಾಗ್ಯೂ ಮನೆಯ ಹಿಂದೆ, ಬಚ್ಚಲ ನೀರು ಹರಿದುಹೋಗುವ ಕಡೆ, ಎರಡು ಬಾಳೆಯ ಕಂದುಗಳನ್ನು ನೆಡುವ ಪದ್ಧತಿಯು ಬಿಟ್ಟುಹೋಗಿಲ್ಲ. ಊರುಗಳಲ್ಲಾದರೋ ಬಾಳೆಯಿಲ್ಲದ ಹಿತ್ತಿಲು ಇಂದಿಗೂ ವಿರಳವೇ ಸರಿ.

ಈ ಗಿಡವು ದಿನವೂ ಕಣ್ಣೆದುರಿಗೆ ಇರುವುದರಿಂದ ಅದರ ವಿಷಯದಲ್ಲಿ ಹೊಸದಾಗಿ ತಿಳಿಯತಕ್ಕದ್ದು ಏನೂ ಇಲ್ಲವೆಂದು ಭಾವಿಸುವುದುಂಟು. ಆದರೆ ಬಾಳೆಯ ಒಂದು ಎಲೆ ಎಷ್ಟು ದಿವಸ ಬದುಕುವುದು, ಅದು ಗಿಡಕ್ಕೆ ಯಾವ ಕಾಲದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು, ಯಾವಾಗ ಕೊಯ್ದರೆ ನಷ್ಟ, ಯಾವಾಗ ಕೊಯ್ಯದಿದ್ದರೆ ನಷ್ಟ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಕೆಲವರು ಮಾತ್ರ. ಶ್ರಾವಣದಿಂದ ನವರಾತ್ರಿಯವರೆಗೆ ಹಬ್ಬದೂಟಗಳಿಗಾಗಿ ಎಲೆ ಕೊಯ್ದ ಗಿಡದಲ್ಲಿ, ಸಂಕ್ರಾಂತಿಯ ಹೊತ್ತಿಗೆ ಕಡಿಯಬೇಕಾದ ಗೊನೆಯು ಸಣಕಲಾಗಿ ನಿಂತಾಗ, ಗೊಬ್ಬರವನ್ನು, ನೀರನ್ನು, ಕಂದು ಕೊಟ್ಟವರನ್ನು ದೂರುವುದು ಸಾಮಾನ್ಯ. ನಿಜವಾದ ಕಾರಣವು ಅನೇಕ ವೇಳೆ ಕೊಯ್ದ ಎಲೆಗಳಲ್ಲಿಯೇ ಇರುವುದು. ಒಂದೇ ಒಂದು ಎಲೆಯನ್ನು ಸುಳಿಯಿಂದ ತರಗಿನವರೆಗೆ ಗಮನಿಸಿದವರಿಗೆ ಈ ವಿಷಯವು ತಾನಾಗಿಯೇ ಮನದಟ್ಟಾಗುವುದು.

ಗಿಡವನ್ನು ಕಣ್ಣಿಟ್ಟು ನೋಡಿ ಕಂಡದ್ದನ್ನು ಬರೆದಿಡುವ ಕ್ರಮವು ಈ ಸೀಮೆಗೆ ಹೊಸದಲ್ಲ. ೧೮೯೯ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ವ್ಯವಸಾಯದ ಪ್ರಯೋಗಗಳಿಗಾಗಿ ೩೦ ಎಕರೆ ಭೂಮಿಯನ್ನು ಕೊಡಿಸಿದರು. ೧೯೧೩ರಲ್ಲಿ ಅಲ್ಲಿಯೇ ವ್ಯವಸಾಯದ ಪಾಠಶಾಲೆಯೂ, ೧೯೪೬ರಲ್ಲಿ ಕಾಲೇಜೂ ಸ್ಥಾಪಿತವಾದುವು. ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಆರಂಭವಾಯಿತು. ಅಂತಹ ಸಂಸ್ಥೆಗಳಲ್ಲಿ ನಡೆಯುವ ಪರೀಕ್ಷೆಗಳಿಗೆ ಉಪಕರಣಗಳು ಬೇಕು; ಹಿತ್ತಿಲಿನ ಈ ಪರೀಕ್ಷೆಗೆ ಬೇಕಾದದ್ದು ಒಂದು ಬಣ್ಣದ ದಾರ, ಒಂದು ಪುಸ್ತಕ, ಸ್ವಲ್ಪ ತಾಳ್ಮೆ, ಇಷ್ಟೆ.

೧. ಎಲೆಯನ್ನು ಗುರುತಿಸುವ ಕ್ರಮ

ನಡುವೆ ಹೊಸದಾಗಿ ಸುಳಿ ಕಾಣಿಸಿದ ದಿವಸವನ್ನು ಪುಸ್ತಕದಲ್ಲಿ ಬರೆಯತಕ್ಕದ್ದು. ಸುಳಿಯು ಬಿಚ್ಚಿ ಎಲೆಯ ದಂಟು ಹೊರಗೆ ಬಂದ ಮೇಲೆ ಆ ದಂಟಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟತಕ್ಕದ್ದು. ಆ ಎಲೆಯು ಪೂರ್ತಿಯಾಗಿ ಹರಡಿದ ದಿನ, ಅದರ ತರುವಾಯ ಬಂದ ಎಲೆಗಳ ದಿನಗಳು, ಅಂಚು ಹಳದಿಯಾದ ದಿನ, ಮುರಿದು ಜೋತುಬಿದ್ದ ದಿನ, ಇವಿಷ್ಟನ್ನು ಗುರುತುಮಾಡಿದರೆ ಸಾಕು. ವಾರಕ್ಕೊಮ್ಮೆ ಐದು ನಿಮಿಷದ ಕೆಲಸ. ಊರಿನ ಶಾಲೆಯ ಮಕ್ಕಳಿಗೆ ಈ ಕೆಲಸವನ್ನು ವಹಿಸಿದರೆ ಅವರಿಗೆ ಪಾಠವೂ ಆಗುವುದು, ಮನೆಗೆ ಲೆಕ್ಕವೂ ದೊರೆಯುವುದು.

ಕೆಳಗಿನ ವಿವರಣೆಗಾಗಿ, ಏಲಕ್ಕಿ ಬಾಳೆಯ ಗಿಡವೊಂದರಲ್ಲಿ ಆಗಸ್ಟ್ ತಿಂಗಳ ಆರಂಭದಲ್ಲಿ, ಎಂದರೆ ಶ್ರಾವಣದ ಹೊತ್ತಿಗೆ, ಸುಳಿಯೊಂದು ಕಾಣಿಸಿತೆಂದೂ, ಆ ಗಿಡವು ಸೆಪ್ಟೆಂಬರಿನ ನಡುವೆ ಗೊನೆ ಹಾಕುವುದೆಂದೂ ಇಟ್ಟುಕೊಳ್ಳಬಹುದು.

೨. ಹುಟ್ಟು

ಬಾಳೆಯ ಕಾಂಡವೆಂದು ನಾವೆಲ್ಲರೂ ಕರೆಯುವ ಭಾಗವು ವಾಸ್ತವವಾಗಿ ಕಾಂಡವಲ್ಲ. ಅದು ಎಲೆಗಳ ಬುಡದ ಪಟ್ಟೆಗಳು ಒಂದರೊಳಗೊಂದು ಬಿಗಿಯಾಗಿ ಸುತ್ತಿ ನಿಂತ ಕಂಬ. ನಿಜವಾದ ಕಾಂಡವು ಭೂಮಿಯಲ್ಲಿರುವ ಗೆಡ್ಡೆ. ಎಲೆಯು ಹುಟ್ಟುವುದು ಆ ಗೆಡ್ಡೆಯ ನಡುನೆತ್ತಿಯಲ್ಲಿ. ಅಲ್ಲಿಂದ ಅದು ಹಳೆಯ ಪಟ್ಟೆಗಳ ನಡುವೆ ಕತ್ತಲೆಯಲ್ಲಿಯೇ ಮೇಲಕ್ಕೆ ನೂಕಿಕೊಂಡು ಬರುವುದು. ಯಾವ ಕಾಲದಲ್ಲಿ ನೋಡಿದರೂ ಬೆಳೆಯುವ ಗಿಡದ ಒಡಲಲ್ಲಿ ಇನ್ನೂ ಹೊರಗೆ ಬಾರದ ಹಲವು ಎಳೆಯ ಎಲೆಗಳು ಇರುವುವು. ಆದುದರಿಂದ ಆಗಸ್ಟಿನಲ್ಲಿ ಕಣ್ಣಿಗೆ ಬಿದ್ದ ಸುಳಿಯು ಅದಕ್ಕಿಂತ ಬಹಳ ಮುಂಚೆಯೇ ಹುಟ್ಟಿತ್ತೆಂದು ತಿಳಿಯಬೇಕು. ಬೇಸಗೆಯಲ್ಲಿ ಗಿಡಕ್ಕೆ ನೀರು ತಪ್ಪಿದ್ದರೆ ಅದರ ಫಲವು ಮಳೆಗಾಲದ ಎಲೆಯಲ್ಲಿ ಕಾಣಿಸಿಕೊಳ್ಳುವುದು.

ಇದೇ ಸಂಗತಿಯು ಗೊನೆಗೂ ಅನ್ವಯಿಸುವುದು. ಗೆಡ್ಡೆಯ ನೆತ್ತಿಯಲ್ಲಿ ಹೂವು ಮೂಡಲು ಆರಂಭವಾದಾಗ ಇನ್ನೂ ಸುಮಾರು ಹತ್ತು ಹನ್ನೊಂದು ಎಲೆಗಳು ಹೊರಗೆ ಬರಬೇಕಾಗಿರುವುವು. ಹತ್ತು ದಿವಸಕ್ಕೊಂದು ಎಲೆಯಂತೆ ಲೆಕ್ಕ ಹಾಕಿದರೆ, ಗೊನೆಯು ಹೊರಗೆ ಕಾಣಿಸುವುದಕ್ಕೆ ಮೂರು ತಿಂಗಳಿಗೂ ಹಿಂದೆಯೇ ಅದರಲ್ಲಿ ಎಷ್ಟು ಚಿಪ್ಪುಗಳಿರಬೇಕೆಂಬುದು ಒಳಗೆ ನಿರ್ಣಯವಾಗಲು ತೊಡಗುವುದು. ಗೊನೆ ಹಾಕಿದ ಮೇಲೆ ಬುಡಕ್ಕೆ ಗೊಬ್ಬರ ಸುರಿಯುವವರು ಚಿಪ್ಪುಗಳ ಸಂಖ್ಯೆಯನ್ನು ಹೆಚ್ಚಿಸಲಾರರು. ಗೊಬ್ಬರದ ದೊಡ್ಡ ಪಾಲು ನೆಟ್ಟ ಮೊದಲ ಐದು ತಿಂಗಳಲ್ಲಿ, ಕಂತುಗಳಾಗಿ, ಸೇರಿರಬೇಕು.

೩. ಸುಳಿ ಬಿಚ್ಚುವುದು

ಹೊರಬಂದ ಸುಳಿಯು ಸುರುಳಿ ಸುತ್ತಿದ ಕಾಗದದಂತೆ ನೆಟ್ಟಗೆ ನಿಂತಿರುವುದು. ಅದರ ತುದಿಯಲ್ಲಿ ಬಾಲದಂತಹ ಸಣ್ಣ ಎಳೆಯೊಂದಿದ್ದು ಬೇಗನೆ ಒಣಗಿಹೋಗುವುದು. ಇದನ್ನು ರೋಗವೆಂದು ಭ್ರಮಿಸಬಾರದು. ಎಲೆಯ ಒಂದು ಮಗ್ಗುಲು ಇನ್ನೊಂದನ್ನು ಸುತ್ತಿಕೊಂಡಿರುವುದರಿಂದ ಹೊರಗಿನ ಮಗ್ಗುಲು ಮೊದಲು, ಒಳಗಿನದು ತರುವಾಯ ಬಿಚ್ಚಿಕೊಳ್ಳುವುವು. ತೇವವೂ ಬಿಸಿಲೂ ಹದವಾಗಿರುವಾಗ ಒಂದು ವಾರದಲ್ಲಿ ಎಲೆಯು ಹರಡುವುದು. ಚಳಿಯಲ್ಲಿ ಎರಡು ವಾರ, ಕೆಲವು ವೇಳೆ ಅದಕ್ಕೂ ಹೆಚ್ಚು ಹಿಡಿಯುವುದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವುದರಿಂದ ಡಿಸೆಂಬರ್, ಜನವರಿ ತಿಂಗಳುಗಳ ರಾತ್ರಿಗಳು ತಂಪಾಗಿದ್ದು ಬಾಳೆಯ ಬೆಳವಣಿಗೆ ನಿಧಾನವಾಗುತ್ತದೆ. ಈ ಕಾಲದಲ್ಲಿ ಎಲೆಗಳು ತಡವಾಗಿ ಬಂದರೆ ಗಾಬರಿಪಟ್ಟು ಗೊಬ್ಬರ ಹೆಚ್ಚಿಸತಕ್ಕದ್ದಲ್ಲ.

ಹೊಸ ಎಲೆಯು ಎಳೆಹಸುರಾಗಿರುವುದು ಸಹಜ. ಹರಡಿದ ಕೆಲವು ದಿವಸಗಳಲ್ಲಿ ಅದು ಬಣ್ಣ ತುಂಬಿಕೊಳ್ಳುವುದು. ಹಾಗೆ ತುಂಬಿಕೊಳ್ಳದೆ, ನರಗಳು ಮಾತ್ರ ಹಸುರಾಗಿ ನಡುವಣ ಭಾಗವು ಬಿಳಿಚಿಕೊಂಡಿದ್ದರೆ, ಸುಣ್ಣದ ಅಂಶ ಹೆಚ್ಚಿರುವ ಭೂಮಿಗಳಲ್ಲಿ ಕಬ್ಬಿಣಾಂಶವು ಬೇರಿಗೆ ಸಿಕ್ಕುತ್ತಿಲ್ಲವೆಂದು ಊಹಿಸಬಹುದು.

೪. ಪ್ರಾಯ

ಹರಡಿದ ಎಲೆಯು ಗಿಡದ ಅಡಿಗೆಮನೆ. ಬೇರು ತಂದ ನೀರು, ಗಾಳಿಯ ಅಂಗಾರಾಮ್ಲವಾಯು, ಸೂರ್ಯನ ಬೆಳಕು ಇವುಗಳಿಂದ ಅದು ಸಕ್ಕರೆಯನ್ನು ತಯಾರಿಸುವುದು. ಈ ಸಕ್ಕರೆಯೇ ಗೆಡ್ಡೆಗೂ ಕಂದುಗಳಿಗೂ ಕೊನೆಗೆ ಹಣ್ಣಿಗೂ ಹೋಗತಕ್ಕದ್ದು. ಎಲೆಯ ಉಸಿರುರಂಧ್ರಗಳು ಬಹುಮಟ್ಟಿಗೆ ಕೆಳಮೈಯಲ್ಲಿರುವುವು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎಲೆಯ ಎರಡು ಮಗ್ಗುಲುಗಳೂ ನಡುದಂಟಿನಿಂದ ಕೆಳಕ್ಕೆ ಮಡಿಚಿಕೊಂಡು ಸಂಜೆ ಮತ್ತೆ ತೆರೆದುಕೊಳ್ಳುವುದನ್ನು ಯಾರೂ ನೋಡಬಹುದು. ಇದು ನೀರನ್ನು ಉಳಿಸಿಕೊಳ್ಳಲು ಎಲೆ ಹೂಡುವ ಉಪಾಯ. ಆದರೆ ಬೆಳಗಿನ ತಂಪಿನಲ್ಲಿಯೂ ಮಡಿಚಿಕೊಂಡೇ ಇದ್ದರೆ ಪಾತಿ ಒಣಗಿದೆಯೆಂದು ಅರ್ಥ.

ಮುಳ್ಳಿನ ಮೇಲೆ ಎಲೆ ಬಿದ್ದರೂ ಎಲೆಯ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಬಾಳೆಯೆಲೆಯೇ ಎಂಬ ಗಾದೆಯುಂಟು. ಆಷಾಢದ ಗಾಳಿಗೆ ಎಲೆಯು ಪಕ್ಕದ ನರಗಳ ಗುಂಟ ಸೀಳಿಹೋಗುವುದು. ಅಗಲವಾದ ಸೀಳುಗಳಾದರೆ ಕೆಲಸಕ್ಕೆ ಹೆಚ್ಚು ಕುಂದಿಲ್ಲ. ದಾರದಂತೆ ಚಿಂದಿಯಾದರೆ ಮಾತ್ರ ನಷ್ಟ. ತೋಟದ ಪಡುವಣ ಅಂಚಿನಲ್ಲಿ ಅಗಸೆಯ ಸಾಲು ಹಾಕಿದರೆ ಗಾಳಿಯ ಹೊಡೆತವು ತಗ್ಗುವುದು. ಸೀಳಿದ ಎಲೆಯು ಊಟಕ್ಕೆ ಬಾರದೆಂಬ ಕಾರಣದಿಂದ ಅದನ್ನು ಕತ್ತರಿಸಿ ಎಸೆಯುವುದು ತಪ್ಪು. ಪಂಕ್ತಿಗೆ ಒದಗದಿದ್ದರೂ ಗೊನೆಗೆ ಅದು ಒದಗುತ್ತದೆ.

೫. ಗೊನೆಯೂ ಎಲೆಯೂ

ಈ ಪಾಠದಲ್ಲಿ ಮುಖ್ಯವಾದ ಭಾಗ ಇದು. ಬಾಳೆಯ ಗಿಡವು ತನ್ನ ಜೀವಮಾನದಲ್ಲಿ ಸಾಮಾನ್ಯವಾಗಿ ಮೂವತ್ತರಿಂದ ನಲವತ್ತು ಎಲೆಗಳನ್ನು ಬಿಡುವುದು. ತೀರ ಕೊನೆಯಲ್ಲಿ ಗಿಡ್ಡನೆಯ ಒಂದು ಎಲೆಯನ್ನು ಬಿಟ್ಟು, ಅದರ ಬೆನ್ನಿಗೇ ಹೂವಿನ ಮೂತಿಯನ್ನು ಹೊರಡಿಸುವುದು. ಅಲ್ಲಿಗೆ ಗೆಡ್ಡೆಯ ನೆತ್ತಿಯು ಹೂವಾಗಿ ಮುಗಿದುಹೋಯಿತು. ಆ ಗಿಡದಲ್ಲಿ ಇನ್ನು ಮುಂದೆ ಹೊಸ ಎಲೆಯೆಂಬುದು ಬರುವುದೇ ಇಲ್ಲ. ಗೊನೆಯು ಬಲಿಯಲು ಬೇಕಾದ ಮೂರು ನಾಲ್ಕು ತಿಂಗಳ ಕಾಲವೂ ಆಗ ಇರುವ ಎಲೆಗಳಿಂದಲೇ ನಡೆಯಬೇಕು. ಗಳಿಕೆ ನಿಂತ ಮೇಲೆ ಕಣಜದಲ್ಲಿ ಇದ್ದಷ್ಟರಿಂದಲೇ ಸಂಸಾರ ಸಾಗಿಸುವಂತೆ ಇದು.

ಒಂದು ಎಲೆಯ ಆಯುಷ್ಯವು ಸಾಧಾರಣವಾಗಿ ಮೂರರಿಂದ ಐದು ತಿಂಗಳು. ನಾಲ್ಕು ತಿಂಗಳೆಂದು ಹಿಡಿದು ಲೆಕ್ಕ ಮಾಡಬಹುದು. ಗೊನೆ ಹೊರಬಂದ ದಿನ ಗಿಡದಲ್ಲಿ ಹನ್ನೆರಡು ಎಲೆಗಳಿದ್ದು, ಹತ್ತು ದಿವಸಕ್ಕೊಂದರಂತೆ ಕೆಳಗಿನವು ಮುಪ್ಪಿನಿಂದ ಒಣಗುತ್ತ ಬಂದರೆ, ತೊಂಬತ್ತು ದಿವಸದ ಕೊನೆಗೆ ಮೂರು ಎಲೆಗಳು ಉಳಿಯುವುವು. ಅವು ಮೇಲಿನ, ಎಲ್ಲಕ್ಕಿಂತ ಎಳೆಯ ಎಲೆಗಳು. ಈಗ ಪಿತೃಪಕ್ಷಕ್ಕೋ ಆಯುಧಪೂಜೆಗೋ ಬೇಕೆಂದು ಮನೆಯವರು ನಾಲ್ಕು ಎಲೆಗಳನ್ನು ಕೊಯ್ದರೆಂದು ಭಾವಿಸಿದರೆ, ಅವರು ಕೊಯ್ಯುವುದು ಕೆಳಗಿನ ಒರಟು ಎಲೆಗಳನ್ನಲ್ಲ. ಮೃದುವಾದ ಮೇಲಿನ ನಾಲ್ಕನ್ನು. ಉಳಿದ ಎಂಟು ಎಲೆಗಳು ಹತ್ತು ದಿವಸಕ್ಕೊಂದರಂತೆ ಒಣಗಿ ಎಂಬತ್ತನೆಯ ದಿವಸಕ್ಕೆ ಗಿಡವು ಬೋಳಾಗುವುದು. ಆಗ ಗೊನೆಗೆ ಇನ್ನೂ ಹತ್ತರಿಂದ ನಲವತ್ತು ದಿವಸದ ಆಹಾರ ಬೇಕಾಗಿರುವುದು. ಅದನ್ನು ಕೊಡುವ ಎಲೆ ಇಲ್ಲ. ಕಾಯಿಯು ತುಂಬದೆ ಮೂಲೆಮೂಲೆಯಾಗಿ ನಿಲ್ಲುವುದು, ಇಲ್ಲವೆ ಬಲಿಯದೆಯೇ ಹಣ್ಣಾಗುವುದು.

ಶ್ರಾವಣದಲ್ಲಿ ದಾರ ಕಟ್ಟಿದ ಎಲೆಯು ಈ ಮೇಲಿನ ನಾಲ್ಕರಲ್ಲಿ ಒಂದು. ಅದನ್ನು ಕೊಯ್ಯದೆ ಬಿಟ್ಟರೆ ಡಿಸೆಂಬರ್ ತಿಂಗಳವರೆಗೆ ಅದು ಗೊನೆಗೆ ದುಡಿಯುವುದು. ಕೊಯ್ದರೆ ಒಂದು ಹೊತ್ತಿನ ಊಟಕ್ಕೆ ಮುಗಿಯುವುದು.

ಆದಕಾರಣ ಗೊನೆ ಹೊರಬರುವಾಗ ಗಿಡದಲ್ಲಿ ಆರೋಗ್ಯವಾದ ಎಲೆಗಳು ಎಂಟಕ್ಕೆ ಕಡಿಮೆಯಾಗಬಾರದೆಂದೂ, ಅನಂತರ ಹಸುರಾದ ಒಂದು ಎಲೆಯನ್ನೂ ಕೊಯ್ಯಬಾರದೆಂದೂ ನಿಯಮ ಮಾಡಿಕೊಳ್ಳತಕ್ಕದ್ದು. ಕೊನೆಯ ಗಿಡ್ಡ ಎಲೆಯನ್ನು ಗೊನೆಯ ದಂಟಿನ ಮೇಲೆ ಬಾಗಿಸಿ ಬಿಟ್ಟರೆ ಎಳೆಯ ದಂಟಿಗೆ ಬಿಸಿಲಿನಿಂದ ರಕ್ಷಣೆಯೂ ದೊರೆಯುವುದು. ಊಟದ ಎಲೆಗಾಗಿ ಹಿತ್ತಿಲಿನ ಒಂದು ಮೂಲೆಯಲ್ಲಿ ಎರಡು ಮೂರು ಬುಡಗಳನ್ನು ಬೇರೆಯಾಗಿ ಬಿಡುವುದು ಉತ್ತಮ. ತಮಿಳುನಾಡಿನಲ್ಲಿ ಎಲೆಗೋಸ್ಕರವೇ ಬಾಳೆಯನ್ನು ಬೆಳೆಯುವ ತೋಟಗಳುಂಟು. ಊರಿನ ಹಬ್ಬ, ಮದುವೆಗಳಿಗೆ ಬೇಕಾಗುವ ಎಲೆಯನ್ನು ಮನೆಮನೆಯ ಗೊನೆಗಿಡಗಳಿಂದ ಕೂಡಿಸುವ ಬದಲು, ಕೆರೆಯ ಕೆಳಗೆ ನೀರಿನ ಅನುಕೂಲವುಳ್ಳ ಒಂದು ತುಂಡು ನೆಲವನ್ನು ಅದಕ್ಕಾಗಿ ಮೀಸಲಿಡುವಂತೆ ಗ್ರಾಮದ ಮುಖಂಡರು ಏರ್ಪಾಡು ಮಾಡಬಹುದು.

೬. ಮುಪ್ಪೋ ರೋಗವೋ

ಕೆಳಗಿನ ಎಲೆ ಹಳದಿಯಾದ ಮಾತ್ರಕ್ಕೆ ರೋಗವಲ್ಲ. ಎಲೆಯು ಸಾಯುವುದಕ್ಕೆ ಮುಂಚೆ ತನ್ನಲ್ಲಿರುವ ಸಾರಜನಕ, ಪೊಟ್ಯಾಷ್ ಮೊದಲಾದುವನ್ನು ಮೇಲಿನ ಎಲೆಗಳಿಗೂ ಗೊನೆಗೂ ಒಪ್ಪಿಸಿಹೋಗುವುದು. ಪುಸ್ತಕದಲ್ಲಿ ತಾರೀಖು ಬರೆದಿಟ್ಟವರು ಎಲೆಯ ವಯಸ್ಸನ್ನು ನೋಡಿ ಇದು ಮುಪ್ಪೋ ಅಕಾಲ ಮರಣವೋ ಎಂಬುದನ್ನು ಕೂಡಲೆ ನಿಶ್ಚಯಿಸಬಹುದು. ನಾಲ್ಕು ತಿಂಗಳ ಎಲೆ ಹಳದಿಯಾದರೆ ಸಹಜ. ಎರಡು ತಿಂಗಳ ಎಲೆ ಹಳದಿಯಾದರೆ ವಿಚಾರಿಸತಕ್ಕದ್ದು. ವಿಚಾರಿಸುವಾಗ ಈ ಕೆಳಗೆ ಕಂಡ ಗುರುತುಗಳನ್ನು ನೋಡಬೇಕು.

(ಅ) ಎಲ್ಲ ಎಲೆಗಳೂ ಪೇಲವವಾಗಿ ಬೆಳವಣಿಗೆ ಕುಂಠಿತವಾಗಿದ್ದರೆ ಸಾರಜನಕದ ಕೊರತೆ.

(ಆ) ಹಳೆಯ ಎಲೆಗಳು ಕಿತ್ತಳೆ ಮಿಶ್ರಿತ ಹಳದಿಗೆ ತಿರುಗಿ ತುದಿಯಿಂದ ಬೇಗ ಬೇಗ ಒಣಗಿದರೆ ಪೊಟ್ಯಾಷಿನ ಕೊರತೆ. ಬಾಳೆಯು ಇದನ್ನು ಬಹಳವಾಗಿ ಬೇಡುವ ಬೆಳೆ.

(ಇ) ಹಳೆಯ ಎಲೆಗಳ ಅಂಚು ಮಾತ್ರ ಸುಟ್ಟಂತಾದರೆ ನೀರಿನಲ್ಲಿ ಉಪ್ಪು ಹೆಚ್ಚಿರಬಹುದು. ಸವಳು ನೀರಿನ ಕೊಳವೆಬಾವಿಗಳ ಬಳಿಯೂ, ಸಾಬೂನಿನ ನೀರು ನಿಲ್ಲುವ ಬಚ್ಚಲುಗಳ ಬಳಿಯೂ ಇದನ್ನು ನಿರೀಕ್ಷಿಸಬಹುದು. ಆ ನೀರು ಒಂದೇ ಬುಡದಲ್ಲಿ ನಿಲ್ಲದಂತೆ ಮಾಡತಕ್ಕದ್ದು.

(ಈ) ಪಕ್ಕದ ನರಗಳ ಗುಂಟ ಸಣ್ಣ ಹಳದಿ ಗೀಟುಗಳು ಮೂಡಿ, ಅವು ಕಂದು ಚುಕ್ಕೆಗಳಾಗಿ, ನಡುವೆ ಬೂದುಬಣ್ಣಕ್ಕೆ ತಿರುಗಿದರೆ ಅದು ಎಲೆಚುಕ್ಕೆ ರೋಗ. ಫಿಜಿ ದ್ವೀಪದ ಸಿಗಟೋಕ ಕಣಿವೆಯಲ್ಲಿ ೧೯೧೨ರ ಸುಮಾರಿಗೆ ಇದು ಬಹಳ ಹಾವಳಿ ಮಾಡಿದ್ದರಿಂದ ಸಿಗಟೋಕ ಎಂಬ ಹೆಸರೂ ಇದಕ್ಕೆ ಬಂದಿದೆ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಎಲೆಗಳು ಬಹಳ ಹೊತ್ತು ಒದ್ದೆಯಾಗಿರುವ ಆ ದಿನಗಳಲ್ಲಿಯೇ ರೋಗವು ಹರಡುವುದು. ಇಲ್ಲಿ ಮಾತ್ರ ಕತ್ತರಿಸದಿರುವುದೇ ತಪ್ಪು. ಚುಕ್ಕೆ ತುಂಬಿ ಒಣಗಿದ ಎಲೆಯನ್ನು ಪೂರ್ತಿಯಾಗಿಯೂ, ಅಲ್ಪಸ್ವಲ್ಪ ಚುಕ್ಕೆ ಬಂದ ಎಲೆಯಲ್ಲಿ ಆ ಭಾಗವನ್ನು ಮಾತ್ರವೂ ತೆಗೆದು ಹೂಳತಕ್ಕದ್ದು. ಗಿಡದಿಂದ ಗಿಡಕ್ಕೆ ಸುಮಾರು ಏಳು ಅಡಿ ಅಂತರವಿದ್ದರೆ ಗಾಳಿಯಾಡಿ ಎಲೆಗಳು ಬೇಗ ಆರುವುವು.

ಔಷಧಿ ಸಿಂಪಡಿಸುವುದಾದರೆ ರೋಗವು ಎಲ್ಲೆಡೆ ವ್ಯಾಪಿಸುವ ಮೊದಲೇ ಸಿಂಪಡಿಸಬೇಕು. ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಂದೆ ವ್ಯವಸಾಯದ ಇಲಾಖೆಯ ಮುಖ್ಯಾಧಿಕಾರಿಯಾದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಾಗ ಕಲಿಸಿದ ಪಾಠವೂ ಇದೇ. ಶೇಕಡ ಒಂದರ ದ್ರಾವಣಕ್ಕೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ೧೦೦ ಲೀಟರ್ ನೀರು ಬೇಕು. ಕಬ್ಬಿಣದ ಪಾತ್ರೆ ಕೂಡದು. ತಯಾರಾದ ದ್ರಾವಣದಲ್ಲಿ ಹೊಳಪಾದ ಚಾಕುವನ್ನು ಅದ್ದಿ ನೋಡಿದಾಗ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸತಕ್ಕದ್ದು. ಈಗ ದೊರೆಯುವ ಇತರ ಔಷಧಿಗಳ ಪ್ರಮಾಣವನ್ನು ತೋಟಗಾರಿಕೆ ಇಲಾಖೆಯವರಿಂದ ತಿಳಿದುಕೊಂಡೇ ಉಪಯೋಗಿಸಬೇಕು.

(ಉ) ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗುತ್ತ, ದಂಟಿನ ಬುಡದಲ್ಲಿ ಮುರಿದು, ಗಿಡದ ಸುತ್ತ ಲಂಗದಂತೆ ಜೋತುಬಿದ್ದು, ಬುಡವನ್ನು ಸೀಳಿದಾಗ ಒಳಗೆ ಕೆಂಪುಕಂದು ಗೆರೆಗಳು ಕಂಡರೆ ಅದು ಪನಾಮಾ ಸೊರಗುರೋಗ. ನಂಜನಗೂಡಿನ ರಸಬಾಳೆಯನ್ನು ಕ್ಷೀಣಗೊಳಿಸಿದ ಈ ರೋಗಕ್ಕೆ ಏಲಕ್ಕಿ ಬಾಳೆಯೂ ತುತ್ತಾಗುವುದು. ರೋಗಾಣುಗಳು ಮಣ್ಣಿನಲ್ಲಿ ಅನೇಕ ವರ್ಷ ಉಳಿಯುವುದರಿಂದ ಅಂತಹ ಗಿಡವನ್ನು ಗೆಡ್ಡೆಯೊಡನೆ ನಾಶಮಾಡಬೇಕು. ಅದರ ಕಂದುಗಳನ್ನು ಯಾರಿಗೂ ಕೊಡಬಾರದು. ಅಲ್ಲಿ ಬಳಸಿದ ಗುದ್ದಲಿ ಕುಡುಗೋಲುಗಳನ್ನು ಶುದ್ಧಮಾಡದೆ ಬೇರೆಡೆಗೆ ಒಯ್ಯಬಾರದು. ನೆಂಟರ ಮನೆಯಿಂದ ತಂದ ಒಂದು ಕಂದು ಊರಿನ ತೋಟಗಳಿಗೆಲ್ಲ ಕೇಡು ತರಬಹುದೆಂಬುದನ್ನು ಗ್ರಾಮದ ಹಿರಿಯರು ಎಲ್ಲರಿಗೂ ತಿಳಿಸಿ ಹೇಳತಕ್ಕದ್ದು.

೭. ಎಲೆಯು ಬಿದ್ದ ಮೇಲೆ

ಆಯುಷ್ಯ ತೀರಿದ ಆರೋಗ್ಯವಾದ ಎಲೆಯನ್ನು ಸುಡುವುದು ಸಲ್ಲದು. ಅದನ್ನು ಕತ್ತರಿಸಿ ಪಾತಿಯಲ್ಲಿ ಹರಡಿದರೆ ಬೇಸಗೆಯ ಬಿಸಿಲಿಗೆ ಕೆಂಪುಮಣ್ಣು ಒಣಗದಂತೆ ಕಾಪಾಡುವುದು. ಕೊಳೆತ ಮೇಲೆ ಅದರಲ್ಲಿ ಉಳಿದ ಪೊಟ್ಯಾಷ್ ಅದೇ ಬುಡದ ಕಂದಿಗೆ ದಕ್ಕುವುದು. ಆ ಕಂದನ್ನು ಆರಿಸುವುದಕ್ಕೂ ಎಲೆಯೇ ಸಾಕ್ಷಿ. ಕತ್ತಿಯಂತೆ ಕಿರಿದಾದ ಎಲೆಗಳುಳ್ಳ ಕಂದು ತಾಯಿಗೆಡ್ಡೆಯಿಂದ ಪೋಷಣೆ ಪಡೆಯುತ್ತಿರುವುದರಿಂದ ಬಲವಾದದ್ದು. ಎಳವೆಯಲ್ಲಿಯೇ ಅಗಲವಾದ ಎಲೆ ಬಿಟ್ಟ ಕಂದು ನೋಡಲು ಚೆಂದವಾದರೂ ದುರ್ಬಲ, ಅದನ್ನು ನೆಡಬಾರದು.

೮. ಸಾರಾಂಶ

(೧) ಗೊನೆಯ ಚಿಪ್ಪುಗಳು ನಿರ್ಣಯವಾಗುವುದು ಅದು ಕಾಣಿಸುವುದಕ್ಕೆ ಮೂರು ತಿಂಗಳಿಗೂ ಮುಂಚೆ. ಗೊಬ್ಬರವನ್ನು ಮೊದಲೇ ಕೊಡಬೇಕು.

(೨) ಗೊನೆ ಹಾಕಿದ ಮೇಲೆ ಹೊಸ ಎಲೆಯಿಲ್ಲ. ಆಗ ಎಂಟಾದರೂ ಒಳ್ಳೆಯ ಎಲೆಗಳಿರಬೇಕು, ಹಸುರೆಲೆಯನ್ನು ಕೊಯ್ಯಬಾರದು.

(೩) ಊಟದ ಎಲೆಗೆ ಬೇರೆ ಬುಡಗಳನ್ನು ಬಿಡಬೇಕು.

(೪) ಹಳದಿಯಾದ ಎಲೆಯ ವಯಸ್ಸನ್ನು ಮೊದಲು ನೋಡಿ, ಆಮೇಲೆ ಔಷಧಿಯ ಯೋಚನೆ ಮಾಡಬೇಕು.

(೫) ಚುಕ್ಕೆರೋಗದ ಎಲೆಯನ್ನು ಹೂಳಬೇಕು. ಸೊರಗುರೋಗದ ಬುಡದಿಂದ ಕಂದು ತೆಗೆಯಬಾರದು.

ಬರುವ ಶ್ರಾವಣದಲ್ಲಿ ಪ್ರತಿಯೊಬ್ಬ ಜಮೀನುದಾರರೂ ತಮ್ಮ ಹಿತ್ತಿಲಿನ ಒಂದು ಬಾಳೆಯ ಎಲೆಗೆ ದಾರ ಕಟ್ಟಿ, ಆ ಗಿಡವನ್ನು ಕುಡುಗೋಲಿನಿಂದ ಕಾಪಾಡಿ, ಸಂಕ್ರಾಂತಿಯ ಹೊತ್ತಿಗೆ ಅದರ ಗೊನೆಯನ್ನು ಎಲೆ ಕೊಯ್ದ ಗಿಡದ ಗೊನೆಯೊಡನೆ ತಕ್ಕಡಿಯಲ್ಲಿಟ್ಟು ತೂಗಿ ನೋಡುವುದು ಒಳ್ಳೆಯದು. ಮನೆಯಂಗಳದಲ್ಲಿ ತೂಗಿದ ಆ ಎರಡು ಗೊನೆಗಳು ಊರಿನವರಿಗೆ ತಿಳಿಸುವಷ್ಟನ್ನು ಯಾವ ಲೇಖನವೂ ತಿಳಿಸಲಾರದು.